ಕಲ್ಲು ಹುಡುಕುವ ಗುಂಪು ಸಂಚಾರಗಳು: ಒಂದು ಖನಿಜ ಕ್ಲಬ್‌ನ ಸೇವೆಯ ವಿಮರ್ಶೆ

ಹವ್ಯಾಸಿಗಳೇ ಸೇರಿ ನಡೆಸುವ ಶಿಲಾ ಮತ್ತು ಖನಿಜ ಕ್ಲಬ್ಬೊಂದು ತನ್ನ ಸದಸ್ಯರಿಗಾಗಿ ಏರ್ಪಡಿಸುವ ಗುಂಪು ಸಂಚಾರಗಳಲ್ಲಿ ನಾನು ಬಹುಕಾಲದಿಂದ ಪಾಲ್ಗೊಳ್ಳುತ್ತ ಬಂದಿದ್ದೇನೆ. ಇಂಥ ಸೇವೆಯನ್ನು ಅಳೆಯುವಾಗ ಬಹಳ ಮಂದಿ ಸಂಜೆಯ ಹೊತ್ತಿಗೆ ಚೀಲದಲ್ಲಿ ಎಷ್ಟು ಹರಳುಗಳು ಸೇರಿದವು ಎಂದು ನೋಡುತ್ತಾರೆ. ಆ ಲೆಕ್ಕ ನ್ಯಾಯವಾದುದಲ್ಲ. ನೆಲದೊಳಗೆ ಏನಿದೆ, ಹಿಂದಿನ ಮಳೆ ಯಾವುದನ್ನು ತೊಳೆದು ಹೊರಗಿಟ್ಟಿದೆ, ಗಣಿಯವರು ಇತ್ತೀಚೆಗೆ ಯಾವ ಮಗ್ಗುಲನ್ನು ಸಿಡಿಸಿದ್ದಾರೆ ಎಂಬುದು ಯಾವ ಸಂಘಟಕರ ಕೈಯಲ್ಲೂ ಇರುವುದಿಲ್ಲ. ಸುತ್ತಿಗೆ ಎತ್ತುವ ಮೊದಲು ಕ್ಲಬ್ ಎಷ್ಟು ಸಿದ್ಧತೆ ಮಾಡಿಕೊಂಡಿರುತ್ತದೆ, ಸುತ್ತಿಗೆ ಕೆಳಗಿಟ್ಟ ಮೇಲೆ ಸಿಕ್ಕ ಕಲ್ಲನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕ್ಲಬ್ ಬಹುಮಟ್ಟಿಗೆ ಮೆಚ್ಚುಗೆಗೆ ಅರ್ಹವಾಗಿದೆ. ನಡುವಿನ ಹೊತ್ತಿನಲ್ಲಿ, ಅಂದರೆ ಜನರೆಲ್ಲ ಕಲ್ಲಿನ ರಾಶಿಯ ಮೇಲೆ ಹರಡಿಕೊಂಡ ಮೇಲೆ, ಅದರ ವ್ಯವಸ್ಥೆ ಸಡಿಲಗೊಳ್ಳುತ್ತದೆ. ಕೊರತೆಗಳನ್ನೂ ಬಿಚ್ಚಿ ಹೇಳಲಿರುವುದರಿಂದ ಕ್ಲಬ್‌ನ ಹೆಸರನ್ನು ಇಲ್ಲಿ ಎತ್ತುವುದಿಲ್ಲ.

ಮೊದಲ ಮಾತು ಅನುಮತಿಯದು. ಕಲ್ಲುಗಣಿಯಾಗಲಿ, ಹೊಲದ ಅಂಚಿನ ಬಂಡೆಯಾಗಲಿ, ಹೊಳೆಯ ಪಾತ್ರವಾಗಲಿ, ಪ್ರತಿಯೊಂದಕ್ಕೂ ಒಡೆಯರಿದ್ದಾರೆ, ಅಲ್ಲಿಂದ ಕಲ್ಲು ಒಯ್ಯುವುದಕ್ಕೆ ನಿಯಮಗಳಿವೆ. ಒಬ್ಬಂಟಿ ಹವ್ಯಾಸಿಗೆ, ಕೆಲಸ ನಡೆಯುತ್ತಿರುವ ಗಣಿಯ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ, ಏಕೆಂದರೆ ಅಪಘಾತವಾದರೆ ಹೊಣೆ ಗಣಿಯ ಮೇಲೆ ಬೀಳುತ್ತದೆ. ವಿಮೆ ಮಾಡಿಸಿ, ಬರುವವರ ಹೆಸರಿನ ಪಟ್ಟಿಯನ್ನು ಮುಂಚಿತವಾಗಿ ಕೊಟ್ಟು, ಯಂತ್ರಗಳು ನಿಂತಿರುವ ರಜೆಯ ದಿನವನ್ನೇ ಕೇಳುವ ಸಂಘಕ್ಕೆ ಅದೇ ಬಾಗಿಲು ತೆರೆಯುತ್ತದೆ. ಈ ಕ್ಲಬ್ ಪ್ರತಿ ಸಂಚಾರಕ್ಕೂ ಲಿಖಿತ ಅನುಮತಿ ಪಡೆಯುತ್ತದೆ, ಅದರ ಪ್ರತಿಯನ್ನು ಮುಂದಾಳು ಜೊತೆಯಲ್ಲೇ ಇಟ್ಟುಕೊಂಡಿರುತ್ತಾರೆ, ಏನನ್ನು ಎಷ್ಟರ ಮಟ್ಟಿಗೆ ಒಯ್ಯಬಹುದು ಎಂಬುದನ್ನು ಆಹ್ವಾನದಲ್ಲಿಯೇ ಬರೆದಿರುತ್ತಾರೆ. ಸಂಚಾರ ಮುಗಿದ ಮೇಲೆ ತೋಡಿದ ಗುಂಡಿಗಳನ್ನು ಮುಚ್ಚಿಸಿ, ತೆರೆದಿದ್ದ ಗೇಟನ್ನು ತೆರೆದಂತೆಯೂ ಮುಚ್ಚಿದ್ದನ್ನು ಮುಚ್ಚಿದಂತೆಯೂ ಬಿಟ್ಟು, ಸಿಕ್ಕ ಒಳ್ಳೆಯ ಮಾದರಿಗಳಲ್ಲಿ ಒಂದನ್ನು ಗಣಿಯ ಕಚೇರಿಗೆ ಹೆಸರು ಬರೆದು ಒಪ್ಪಿಸಿ ಬರುತ್ತಾರೆ. ಈ ಶಿಸ್ತು ಹೊಸದೇನಲ್ಲ. ಲಂಡನ್ನಿನಲ್ಲಿ 1858ರಲ್ಲಿ ಹುಟ್ಟಿದ ಜಿಯಾಲಜಿಸ್ಟ್ಸ್ ಅಸೋಸಿಯೇಶನ್, 1886ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕ್ ಮಿನರಲಾಜಿಕಲ್ ಕ್ಲಬ್ ಮುಂತಾದ ಸಂಘಗಳ ಕಾಲದಿಂದಲೂ ಹವ್ಯಾಸಿಗಳು ಗುಂಪು ಕಟ್ಟುವುದಕ್ಕೆ ಇದೂ ಒಂದು ಕಾರಣ: ಒಬ್ಬರ ಮಾತಿಗೆ ಸಿಗದ ನಂಬಿಕೆ ಸಂಘದ ಮಾತಿಗೆ ಸಿಗುತ್ತದೆ, ಮತ್ತು ಆ ನಂಬಿಕೆ ಒಬ್ಬರ ದುರ್ವರ್ತನೆಯಿಂದ ಎಲ್ಲರಿಗೂ ತಪ್ಪಿಹೋಗುತ್ತದೆ.

ಸ್ಥಳಕ್ಕೆ ಹೋದ ಕೂಡಲೇ ಸುರಕ್ಷತೆಯ ಪಾಠ ನಡೆಯುತ್ತದೆ, ಮತ್ತು ಈ ಸೇವೆಯಲ್ಲಿ ನನಗೆ ಅತ್ಯಂತ ಸಮಾಧಾನ ತಂದ ಭಾಗ ಇದೇ. ಹೆಲ್ಮೆಟ್, ಗಟ್ಟಿ ಬೂಟು, ಕಣ್ಣಿನ ಕನ್ನಡಕ ಇಲ್ಲದವರನ್ನು ಗಣಿಯ ಅಂಚಿಗೂ ಬಿಡುವುದಿಲ್ಲ. ನಿಯಮಗಳನ್ನು ಒಪ್ಪಿಸಿ ಮುಗಿಸುವ ಬದಲು ಮುಂದಾಳು ಪ್ರತಿಯೊಂದಕ್ಕೂ ಕಾರಣ ಹೇಳುತ್ತಾರೆ. ಸಿಡಿಮದ್ದು ಹಾಕಿದ ಗೋಡೆಯ ಬುಡದಲ್ಲಿ ನಿಲ್ಲಬಾರದು, ಏಕೆಂದರೆ ಮೇಲಿನ ಬಿರುಕು ಬಿಟ್ಟ ಬಂಡೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿ ಯಾವ ಸೂಚನೆಯೂ ಇಲ್ಲದೆ ಜಾರಬಹುದು. ಒಂದು ಸುತ್ತಿಗೆಯನ್ನು ಉಳಿಯಂತೆ ಹಿಡಿದು ಇನ್ನೊಂದು ಸುತ್ತಿಗೆಯಿಂದ ಹೊಡೆಯಬಾರದು, ಏಕೆಂದರೆ ಹದಗೊಳಿಸಿದ ಎರಡು ಉಕ್ಕಿನ ಮುಖಗಳು ಡಿಕ್ಕಿ ಹೊಡೆದಾಗ ಚೂರು ಸಿಡಿದು ಕಣ್ಣಿಗೆ ಹೊಕ್ಕುತ್ತದೆ. ಮೊಳೆ ಹೊಡೆಯುವ ಬಡಗಿಯ ಸುತ್ತಿಗೆಯನ್ನು ಕಲ್ಲಿಗೆ ಬಳಸಬಾರದೆನ್ನುವುದಕ್ಕೂ ಇದೇ ಕಾರಣ. ಉಳಿಯ ತಲೆ ಹೊಡೆದೂ ಹೊಡೆದೂ ಅಣಬೆಯಂತೆ ಅಗಲಿಸಿದ್ದರೆ ಅದನ್ನು ಮೊದಲು ಅರದಿಂದ ತಿಕ್ಕಿ ಸಮ ಮಾಡಬೇಕು. ಕೈಬಿಟ್ಟ ಹಳೆಯ ಸುರಂಗಗಳೊಳಗೆ ತಲೆ ಹಾಕುವಂತೆಯೇ ಇಲ್ಲ: ಆಮ್ಲಜನಕ ಕಡಿಮೆಯಾದ ಗಾಳಿ, ಕೊಳೆತ ಮರದ ಆಸರೆ, ಕತ್ತಲಲ್ಲಿ ಕಾಣದ ನೆಟ್ಟನೆಯ ಕೂಪ, ಈ ಮೂರರಲ್ಲಿ ಯಾವುದೊಂದಾದರೂ ಪ್ರಾಣಕ್ಕೆ ಸಂಚಕಾರ ತರಲು ಸಾಕು.

ದೂಳಿನ ವಿಷಯದಲ್ಲಿ ಅವರು ತೋರುವ ಕಾಳಜಿಯನ್ನು ವಿಶೇಷವಾಗಿ ಹೇಳಬೇಕು. ಬೆಣಚುಕಲ್ಲು ಸಿಲಿಕಾದಿಂದಾದದ್ದು, ಅದನ್ನು ಕುಟ್ಟಿದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತವೆ, ವರ್ಷಗಟ್ಟಲೆ ಇಂಥ ದೂಳನ್ನು ಸೇವಿಸಿದವರಿಗೆ ಬರುವ ಸಿಲಿಕೋಸಿಸ್ ಕಾಯಿಲೆಯನ್ನು ಗುಣಪಡಿಸುವ ಔಷಧ ಇಲ್ಲ. ಅಪರೂಪಕ್ಕೆ ಸುತ್ತಿಗೆ ಹಿಡಿಯುವ ಹವ್ಯಾಸಿಯ ಅಪಾಯ ಕಲ್ಲು ಒಡೆದೇ ಬದುಕುವ ಕಾರ್ಮಿಕನ ಅಪಾಯಕ್ಕಿಂತ ಬಹಳ ಕಡಿಮೆಯೆಂಬುದು ನಿಜವಾದರೂ, ಒಡೆಯುವ ಜಾಗಕ್ಕೆ ನೀರು ಚಿಮುಕಿಸುವುದನ್ನೂ, ಗಾಳಿ ಬೀಸಿ ಬರುವ ದಿಕ್ಕಿಗೆ ನಿಂತು ದೂಳನ್ನು ಆಚೆಗೆ ಹೋಗಬಿಡುವುದನ್ನೂ ಇವರು ಪ್ರತಿಯೊಬ್ಬರಿಗೂ ಅಭ್ಯಾಸ ಮಾಡಿಸುತ್ತಾರೆ. ಬಟ್ಟೆಯ ಮುಖಗವಸು ಈ ಕಣಗಳನ್ನು ತಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ತಡೆಯುವ ಬಗೆಯ ಮುಖಗವಸನ್ನೇ ತರುವಂತೆ ಸೂಚಿಸುತ್ತಾರೆ.

ಇಷ್ಟಾದ ಮೇಲೆ ನೆಲವನ್ನು ಓದುವ ಕೆಲಸ. ಪುಸ್ತಕದಿಂದಾಗಲಿ ವಿಡಿಯೊದಿಂದಾಗಲಿ ಸಿಗದ, ಅನುಭವಿಗಳ ಪಕ್ಕದಲ್ಲಿ ನಿಂತರೆ ಮಾತ್ರ ಸಿಗುವ ವಿದ್ಯೆ ಇದು. ಈ ಕ್ಲಬ್‌ಗೆ ಸದಸ್ಯತ್ವ ಶುಲ್ಕ ಕೊಡುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು. ಗ್ರಾನೈಟ್ ಪ್ರದೇಶದಲ್ಲಿರುವ ಪೆಗ್ಮಟೈಟ್ ಸಿರೆಯೊಂದರ ಹಳೆಯ ಗಣಿಗೆ ಹೋದಾಗ ಮುಂದಾಳು ಮೊದಲು ಎಲ್ಲರನ್ನೂ ರಾಶಿಯ ಬುಡದಲ್ಲಿ ಕೂರಿಸಿ, ಸಿರೆ ಹುಟ್ಟಿದ ಬಗೆಯನ್ನು ವಿವರಿಸಿದರು. ಕರಗಿದ ಶಿಲಾಪಾಕ ತಣ್ಣಗಾಗುತ್ತ ಸಾಮಾನ್ಯ ಖನಿಜಗಳು ಹರಳುಗಟ್ಟಿ ಬೇರ್ಪಟ್ಟಂತೆ, ಅವುಗಳ ಹರಳಿನ ಚೌಕಟ್ಟಿನಲ್ಲಿ ಹೊಂದಿಕೊಳ್ಳದ ಬೆರಿಲಿಯಂ, ಲಿಥಿಯಂ, ಬೋರಾನ್‌ನಂಥ ಧಾತುಗಳು ಕೊನೆಗೆ ಉಳಿದ ದ್ರವದಲ್ಲಿ ಒಟ್ಟುಗೂಡುತ್ತವೆ. ಆ ದ್ರವದಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ಅದು ತೆಳುವಾಗಿರುತ್ತದೆ. ಅಲ್ಲಿ ಹೊಸ ಹರಳುಗಳು ಹುಟ್ಟುವುದು ಕಡಿಮೆ, ಹುಟ್ಟಿದವು ಬೆಳೆಯುವುದು ಹೆಚ್ಚು. ಆದ್ದರಿಂದಲೇ ಸುತ್ತಲಿನ ಗ್ರಾನೈಟ್‌ನಲ್ಲಿ ಅಕ್ಕಿಕಾಳಿನಷ್ಟಿರುವ ಫೆಲ್ಡ್‌ಸ್ಪಾರ್ ಪೆಗ್ಮಟೈಟ್‌ನಲ್ಲಿ ಅಂಗೈಯಗಲ, ಕೆಲವೊಮ್ಮೆ ಬಾಗಿಲಿನಗಲ ಬೆಳೆದಿರುತ್ತದೆ, ಬೆರಿಲ್, ಟೂರ್ಮಲೀನ್, ಸ್ಪೋಡುಮೀನ್‌ಗಳು ಅಲ್ಲಿಯೇ ಸಿಗುತ್ತವೆ. ನ್ಯೂಯಾರ್ಕ್ ಕ್ಲಬ್‌ನ ಸ್ಥಾಪಕರಲ್ಲೊಬ್ಬರಾದ ಜಾರ್ಜ್ ಫ್ರೆಡರಿಕ್ ಕುಂಜ್ ಅವರ ಹೆಸರು ಹೊತ್ತ ನಸುನೇರಳೆ ಬಣ್ಣದ ಕುಂಜೈಟ್ ಕೂಡ ಸ್ಪೋಡುಮೀನ್‌ನ ಒಂದು ಬಗೆ.

ಬಳಿಕ ಅವರು ರಾಶಿಯಿಂದ ಒಂದು ತುಂಡನ್ನು ಎತ್ತಿ ಕೈಯಿಂದ ಕೈಗೆ ದಾಟಿಸಿದರು. ಮಾಸಲು ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್‌ನ ಚಪ್ಪಟೆ ಮುಖದ ಮೇಲೆ ಬೂದುಬಣ್ಣದ ಬೆಣಚಿನ ಕೋನಕೋನವಾದ ಗೆರೆಗಳು, ಯಾವುದೋ ಪ್ರಾಚೀನ ಲಿಪಿಯಲ್ಲಿ ಕೆತ್ತಿದಂತೆ, ಸಾಲುಸಾಲಾಗಿ ಮೂಡಿದ್ದವು. ಎರಡು ಖನಿಜಗಳು ಏಕಕಾಲದಲ್ಲಿ ಒಂದರೊಳಗೊಂದು ಬೆಳೆದಾಗ ಆಗುವ ಇದನ್ನು ಗ್ರಾಫಿಕ್ ಗ್ರಾನೈಟ್ ಎನ್ನುತ್ತಾರೆ. ಇದು ಸಿಕ್ಕ ಕಡೆ ಅಗೆಯುತ್ತ ಕೂರಬೇಡಿ, ಇದು ಸಾಮಾನ್ಯವಾಗಿ ಸಿರೆಯ ಹೊರಭಾಗಕ್ಕೆ ಸೇರಿದ್ದು. ಇಲ್ಲಿಂದ ಒಳಮಧ್ಯದ ಕಡೆಗೆ ನಡೆಯುತ್ತ ಹೋಗಿ, ಗೆರೆಗಳು ಮಾಯವಾಗಿ ಫೆಲ್ಡ್‌ಸ್ಪಾರ್ ದಪ್ಪ ದಿಮ್ಮಿಗಳಾಗಿ, ಬೆಣಚು ಹೊಗೆಬಣ್ಣಕ್ಕೆ ತಿರುಗಿ, ನಡುನಡುವೆ ತುಕ್ಕಿನ ಬಣ್ಣದ ಜೇಡಿ ತುಂಬಿದ ಪೊಟರೆಗಳು ಕಂಡರೆ ಅಲ್ಲಿ ನಿಧಾನಿಸಿ ಎಂದರು. ಅಂಥ ಪೊಟರೆ ಸಿಕ್ಕಾಗ ಉಕ್ಕಿನ ಉಪಕರಣವನ್ನು ಬದಿಗಿಟ್ಟು, ಬಿದಿರಿನ ಕಡ್ಡಿಯಿಂದ ಜೇಡಿಯನ್ನು ಸ್ವಲ್ಪಸ್ವಲ್ಪವಾಗಿ ಕೆರೆದು ತೆಗೆದದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಗೋಡೆಯಿಂದ ಎಂದೋ ಕಳಚಿ ಜೇಡಿಯೊಳಗೆ ಮಲಗಿದ್ದ, ಬೆರಳುದ್ದದ ಕಪ್ಪು ಟೂರ್ಮಲೀನ್ ಹರಳೊಂದು ತುದಿ ಮುಕ್ಕಾಗದೆ ಹೊರಬಂತು. ತೆಗೆದ ಜೇಡಿಯನ್ನು ಅಲ್ಲೇ ಎಸೆಯದೆ ಬಕೆಟ್ಟಿಗೆ ತುಂಬಿಸಿಕೊಂಡು, ಆಮೇಲೆ ನೀರಿನಲ್ಲಿ ಜರಡಿ ಹಿಡಿದಾಗ ಇನ್ನೂ ಸಣ್ಣ ಹರಳುಗಳು ಸಿಕ್ಕವು.

ಗುರುತಿಸುವುದನ್ನು ಕಲಿಸುವ ರೀತಿಯೂ ಅಷ್ಟೇ ಸೊಗಸು. ಹೊಸದಾಗಿ ಸೇರಿದ ಯುವಕನೊಬ್ಬ ಹಸಿರು ಕಡ್ಡಿಯಂಥ ಹರಳು ಹುದುಗಿದ್ದ ಕಲ್ಲನ್ನು ಹಿಡಿದು ಓಡಿಬಂದು, "ಮೇಡಂ, ಇದು ಬೆರಿಲ್ ತಾನೇ? ಆರು ಮುಖಗಳಿವೆ, ಬಣ್ಣವೂ ಹಸಿರು" ಎಂದ. ಮುಂದಾಳು ಹೆಸರು ಹೇಳಿ ಕಳಿಸಲಿಲ್ಲ. "ಆರು ಮುಖ ಅಪಟೈಟ್‌ಗೂ ಇರುತ್ತವಪ್ಪ, ಹಸಿರು ಬಣ್ಣವೂ ಇರುತ್ತೆ. ಮುರಿದಿರೋ ಮಗ್ಗುಲಲ್ಲಿ ಚಾಕುವಿನ ಮೊನೆಯಿಂದ ಸಣ್ಣದಾಗಿ ಒಂದು ಗೀರು ಎಳೆದು ನೋಡು" ಎಂದರು. ಗೀರಿದ ಕಡೆ ಬಿಳಿಯ ಗೆರೆ ಎದ್ದಿತು. "ಈಗ ಬೆರಳಿಂದ ಒರೆಸು. ಅಳಿಸಿಹೋದರೆ ಅದು ಚಾಕುವಿನ ಉಕ್ಕು ಕಲ್ಲಿನ ಮೇಲೆ ಉಳಿಸಿದ ಗುರುತು, ಗೀರು ಉಳಿದರೆ ಕಲ್ಲೇ ಸವೆದಿದೆ ಅಂತ ಅರ್ಥ." ಗೀರು ಉಳಿಯಿತು. ಅಪಟೈಟ್‌ನ ಗಡಸುತನ 5, ಒಳ್ಳೆಯ ಚಾಕುವಿನದು ಸುಮಾರು 5.5, ಬೆರಿಲ್‌ನದು 7.5ರಿಂದ 8, ಬೆರಿಲ್ ಆಗಿದ್ದರೆ ಚಾಕು ಸೋಲಬೇಕಿತ್ತು. ಯುವಕನ ಮುಖದಲ್ಲಿ ನಿರಾಸೆ ಕಾಣಲಿಲ್ಲ. ಉತ್ತರವನ್ನು ತಾನೇ ಕಂಡುಕೊಂಡ ಸಂತೋಷ ಕಂಡಿತು. ಅಂದಿನಿಂದ ಅವನ ಜೇಬಿನಲ್ಲಿ ಒಂದು ಚಾಕು ಇರುತ್ತದೆ.

ಫ್ರೀಡ್ರಿಕ್ ಮೋಸ್ ಅವರು 1812ರಲ್ಲಿ ರೂಪಿಸಿದ ಈ ಗಡಸುತನದ ಮಾನಕ ಇಂದಿಗೂ ಗಣಿಯ ರಾಶಿಯ ಮೇಲೆ ಅತ್ಯಂತ ಉಪಯುಕ್ತವಾದ ಸಾಧನವಾಗಿ ಉಳಿದಿದೆ, ಏಕೆಂದರೆ ಅದಕ್ಕೆ ಬೇಕಾದ ಸಲಕರಣೆ ಎಲ್ಲರ ಬಳಿಯೂ ಇರುತ್ತದೆ: ಉಗುರು ಸುಮಾರು 2.5, ತಾಮ್ರದ ತುಂಡು ಸುಮಾರು 3, ಕಿಟಕಿಯ ಗಾಜು ಸುಮಾರು 5.5. ಇದು ಯಾವುದು ಯಾವುದನ್ನು ಗೀರುತ್ತದೆ ಎಂಬ ಅನುಕ್ರಮ ಮಾತ್ರ, ಸಮಾನ ಅಂತರದ ಅಳತೆಯಲ್ಲ. 9ರಲ್ಲಿರುವ ಕುರುಂದಕ್ಕೂ 10ರಲ್ಲಿರುವ ವಜ್ರಕ್ಕೂ ನಡುವಿನ ಅಂತರ ಅದರ ಕೆಳಗಿನ ಯಾವ ಎರಡು ಮೆಟ್ಟಿಲುಗಳ ಅಂತರಕ್ಕಿಂತಲೂ ಬಹಳ ದೊಡ್ಡದು. ಇದರ ಜೊತೆಗೆ ಹೊಳಪು ಹಾಕದ ಪಿಂಗಾಣಿ ಬಿಲ್ಲೆಯ ಮೇಲೆ ಖನಿಜವನ್ನು ಉಜ್ಜಿ ಪುಡಿಯ ಬಣ್ಣ ನೋಡುವ ಒರೆಯ ಪರೀಕ್ಷೆಯನ್ನೂ ಕಲಿಸುತ್ತಾರೆ. ನೋಟಕ್ಕೆ ಎರಡೂ ಕಪ್ಪಾಗಿ ಹೊಳೆಯುವ ಹೆಮಟೈಟ್ ಮತ್ತು ಮ್ಯಾಗ್ನಟೈಟ್‌ಗಳನ್ನು ಉಜ್ಜಿದಾಗ ಮೊದಲನೆಯದು ಕೆಂಗಂದು, ಎರಡನೆಯದು ಕಪ್ಪು ಗೆರೆ ಬಿಡುವುದನ್ನು ಮಕ್ಕಳು ಮತ್ತೆ ಮತ್ತೆ ಮಾಡಿ ನೋಡುತ್ತಾರೆ. ಸುಣ್ಣಕಲ್ಲಿನ ಗಣಿಯಲ್ಲಾದರೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು: ಕ್ಯಾಲ್ಸೈಟ್ ಕೂಡಲೇ ನೊರೆಗಟ್ಟುತ್ತದೆ, ಡಾಲಮೈಟ್ ಅನ್ನು ಗೀರಿ ಪುಡಿ ಮಾಡಿದರೆ ಮಾತ್ರ ನೊರೆ ಸ್ಪಷ್ಟವಾಗಿ ಕಾಣುತ್ತದೆ. ಆಮ್ಲದ ಬಾಟಲಿ ಮುಂದಾಳಿನ ಕೈಯಲ್ಲೇ ಇರುತ್ತದೆ, ಯಾರಿಗೂ ಕೊಡುವುದಿಲ್ಲ.

ಕೋನ ಅಳೆಯುವ ಸರಳ ಗೋನಿಯೋಮೀಟರ್ ಒಂದನ್ನು ಕ್ಲಬ್ ಸಂಚಾರಕ್ಕೆ ತರುತ್ತದೆ, ಮತ್ತು ನನಗೆ ಅದು ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಪ್ರಿಯವಾದ ವಸ್ತು. ಉದ್ದನೆಯದು, ಗಿಡ್ಡನೆಯದು, ಸೊಟ್ಟಗೆ ಬೆಳೆದದ್ದು, ಒಂದು ಮುಖ ಅಗಲವಾಗಿ ಇನ್ನೊಂದು ಎಳೆಯಷ್ಟೇ ಉಳಿದದ್ದು, ಹೀಗೆ ಯಾವ ಬೆಣಚಿನ ಹರಳನ್ನು ತೆಗೆದುಕೊಂಡರೂ ಅದರ ಕಂಬದ ಪಕ್ಕಪಕ್ಕದ ಎರಡು ಮುಖಗಳ ನಡುವಿನ ಕೋನ 120 ಡಿಗ್ರಿಯೇ. ನಿಕೊಲಾಸ್ ಸ್ಟೆನೊ 1669ರಲ್ಲಿ ಬೆಣಚಿನ ಹರಳುಗಳಲ್ಲಿ ಗುರುತಿಸಿದ ಈ ನಿಯಮವನ್ನು ಮಣ್ಣು ಮೆತ್ತಿದ ಕೈಗಳಲ್ಲಿ, ಆಗತಾನೇ ಸಿಕ್ಕ ಹರಳಿನ ಮೇಲೆ ಪರೀಕ್ಷಿಸುವ ಅವಕಾಶ ತರಗತಿಯ ಪಾಠಕ್ಕಿಂತ ಎಷ್ಟೋ ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಕಂಬದ ಮೇಲಿನ ನವಿರು ಗೆರೆಗಳು ಅಡ್ಡಕ್ಕಿದ್ದರೆ ಬೆಣಚು, ಉದ್ದಕ್ಕಿದ್ದು ಅಡ್ಡಕೊಯ್ತ ಉಬ್ಬಿದ ತ್ರಿಕೋನದಂತಿದ್ದರೆ ಟೂರ್ಮಲೀನ್ ಎಂಬ ಸೂಕ್ಷ್ಮವೂ ಇಲ್ಲಿಯೇ ಕಣ್ಣಿಗೆ ಅಭ್ಯಾಸವಾಗುತ್ತದೆ.

ಈಗ ಕೊರತೆಗಳ ಮಾತು. ಗುಂಪಿನ ಗಾತ್ರ ಈ ಸೇವೆಯ ದೊಡ್ಡ ದೋಷ. ಹೆಸರು ನೋಂದಾಯಿಸಿದ ಎಲ್ಲರನ್ನೂ ಸೇರಿಸಿಕೊಳ್ಳುವ ಉದಾರತೆಯಿಂದಾಗಿ ಒಬ್ಬ ಮುಂದಾಳಿನ ಸುತ್ತ ಅವರ ದನಿ ಕೇಳಿಸದಷ್ಟು ಜನ ಸೇರುತ್ತಾರೆ. ಮೇಲೆ ವಿವರಿಸಿದ ಅಪಟೈಟ್‌ನಂಥ ಪಾಠ ಹತ್ತಿರ ನಿಂತಿದ್ದ ಕೆಲವರಿಗೆ ದಕ್ಕಿತು. ರಾಶಿಯ ಆ ತುದಿಯಲ್ಲಿದ್ದವರು ತಮಗೆ ಸಿಕ್ಕಿದ್ದು ಏನೆಂದು ತಿಳಿಯದೆ, ಕೇಳಲು ಸರದಿ ಬರುವ ಹೊತ್ತಿಗೆ ಬೇಸತ್ತು, ಒಳ್ಳೆಯ ಮಾದರಿಗಳನ್ನೂ ಬಿಸಾಡಿದ್ದನ್ನು ನಾನು ಕಂಡಿದ್ದೇನೆ. ಸುರಕ್ಷತೆಗೂ ಇದು ಒಳ್ಳೆಯದಲ್ಲ. ಸುತ್ತಿಗೆ ಬೀಸುವ ಇಬ್ಬರ ನಡುವೆ ಚೂರು ಸಿಡಿದರೂ ತಾಕದಷ್ಟು ದೂರವಿರಬೇಕು, ಇಳಿಜಾರಿನಲ್ಲಿ ಒಬ್ಬರ ಕೆಳಗೆ ಇನ್ನೊಬ್ಬರು ಕೆಲಸ ಮಾಡಬಾರದು ಎಂಬ ನಿಯಮಗಳನ್ನು ಬೆಳಿಗ್ಗೆ ಅಷ್ಟು ಚೆನ್ನಾಗಿ ವಿವರಿಸುವ ಕ್ಲಬ್, ಮಧ್ಯಾಹ್ನದ ಹೊತ್ತಿಗೆ ಇಕ್ಕಟ್ಟಿನಲ್ಲಿ ಅವು ಸಡಿಲವಾಗುವುದನ್ನು ತಡೆಯಲು ಯಾರನ್ನೂ ನೇಮಿಸುವುದಿಲ್ಲ. ಅನುಭವಿ ಸದಸ್ಯರು ಕಡಿಮೆಯೇನಿಲ್ಲ. ಒಬ್ಬೊಬ್ಬ ಅನುಭವಿಗೆ ನಾಲ್ಕೈದು ಹೊಸಬರನ್ನು ಒಪ್ಪಿಸಿದರೆ ಪಾಠವೂ ಹಂಚಿಹೋಗುತ್ತದೆ, ಕಾವಲೂ ಆಗುತ್ತದೆ.

ಅನುಭವಿಗಳ ವರ್ತನೆಯ ಬಗೆಗೂ ಒಂದು ಮಾತು ಹೇಳಲೇಬೇಕಾಗಿದೆ. ಮುಂದಾಳು ತೋರಿಸಿದ ಒಳ್ಳೆಯ ಜಾಗಗಳನ್ನು ಹಳೆಯ ಸದಸ್ಯರಲ್ಲಿ ಕೆಲವರು, ಪಾಠ ಮುಗಿಯುವ ಮೊದಲೇ ಹೋಗಿ ಚೀಲ ಇಟ್ಟು, ಹಿಡಿದುಬಿಡುತ್ತಾರೆ. ಬಂಡೆಯಲ್ಲಿ ಪೊಟರೆಯೊಂದನ್ನು ಒಬ್ಬರು ಶ್ರಮಪಟ್ಟು ತೆರೆದಾಗ ಅದು ಅವರದೇ ಎಂಬ ರೂಢಿ ಹವ್ಯಾಸಿಗಳಲ್ಲಿ ಇದೆ, ಅದು ಸರಿಯೂ ಹೌದು. ಇನ್ನೂ ಯಾರೂ ಮುಟ್ಟದ ನೆಲವನ್ನು ಚೀಲ ಇಟ್ಟು ಕಾಯ್ದಿರಿಸುವುದು ಆ ರೂಢಿಗೆ ಸೇರಿದ್ದಲ್ಲ. ಚೀಟಿ ಎತ್ತಿ ಜಾಗ ಹಂಚಬೇಕೆಂದೂ, ಮೊದಲ ಒಂದು ತಾಸು ಒಳ್ಳೆಯ ಜಾಗವನ್ನು ಹೊಸಬರಿಗೆ ಬಿಡಬೇಕೆಂದೂ ಹಲವರು ಸಲಹೆ ಕೊಟ್ಟಿದ್ದರೂ ಸಮಿತಿ ಅದನ್ನು ಇನ್ನೂ ಕೈಗೆತ್ತಿಕೊಂಡಿಲ್ಲ. ಮೊದಲ ಸಂಚಾರದಲ್ಲಿ ಬರಿಗೈಯಲ್ಲಿ ಮರಳಿದವರು ಎರಡನೆಯದಕ್ಕೆ ಬರುವುದು ಕಡಿಮೆ, ಮತ್ತು ಹೊಸಬರು ಬಾರದ ಕ್ಲಬ್ ಮುದಿಯಾಗುತ್ತ ಹೋಗುತ್ತದೆ ಎಂಬುದನ್ನು ಸಮಿತಿಯವರು ಯೋಚಿಸಬೇಕು.

ಎರವಲು ಕೊಡುವ ಸಲಕರಣೆಗಳು ಸಾಧಾರಣ. ಉಳಿ, ಸುತ್ತಿಗೆಗಳು ಚೆನ್ನಾಗಿವೆ. ಕಣ್ಣಿನ ಕನ್ನಡಕಗಳು ಗೀರುಬಿದ್ದು ಮಬ್ಬಾಗಿವೆ, ಹಾಕಿಕೊಂಡರೆ ಹರಳು ಕಾಣುವುದಿಲ್ಲವೆಂದು ಜನ ತೆಗೆದು ಹಣೆಗೇರಿಸಿಕೊಳ್ಳುತ್ತಾರೆ, ಅಲ್ಲಿಗೆ ಅದರ ಉದ್ದೇಶವೇ ಕೆಟ್ಟಂತಾಯಿತು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಪ್ರತಿಯೊಬ್ಬರೂ ಸ್ವಂತಕ್ಕೆ ಕೊಳ್ಳುವುದು ಒಳಿತು. ಸಂಚಾರದ ಸೂಚನಾಪತ್ರದಲ್ಲಿ ಎಷ್ಟು ದೂರ ನಡೆಯಬೇಕು, ಇಳಿಜಾರು ಎಷ್ಟು ಕಡಿದು, ನೆರಳಿದೆಯೇ ಎಂಬ ವಿವರ ಇರುವುದಿಲ್ಲ. ಮೊಣಕಾಲು ನೋವಿರುವವರಿಗೂ ಚಿಕ್ಕ ಮಕ್ಕಳನ್ನು ಕರೆತರುವವರಿಗೂ ಖನಿಜಗಳ ಪಟ್ಟಿಗಿಂತ ಈ ವಿವರವೇ ಮುಖ್ಯ.

ಕತ್ತಲಾದ ಮೇಲೆ ನಡೆಸುವ ನೇರಳಾತೀತ ದೀಪದ ಹುಡುಕಾಟ ಇನ್ನಷ್ಟು ಹೊತ್ತು ಇರಬೇಕಿತ್ತು ಎನ್ನಿಸುತ್ತದೆ. ಹಗಲಿನಲ್ಲಿ ಯಾರೂ ತಿರುಗಿ ನೋಡದ ಬೂದುಬಿಳುಪಿನ ಕಲ್ಲುಗಳ ನಡುವೆ, ಸ್ವಲ್ಪ ಮ್ಯಾಂಗನೀಸ್ ಬೆರೆತ ಕ್ಯಾಲ್ಸೈಟ್ ಕೆಂಡದ ಬಣ್ಣಕ್ಕೆ ಬೆಳಗುತ್ತದೆ, ಫ್ಲೂರೈಟ್ ನೀಲಿಯಾಗಿ ಹೊಳೆಯುತ್ತದೆ. ಈ ಬೆಳಗುವಿಕೆಯನ್ನು ಜಾರ್ಜ್ ಸ್ಟೋಕ್ಸ್ 1852ರಲ್ಲಿ ವಿವರಿಸಿದರು: ಕಣ್ಣಿಗೆ ಕಾಣದ ಕಿರಣವನ್ನು ಹೀರಿದ ವಸ್ತು ಅದಕ್ಕಿಂತ ಉದ್ದನೆಯ ಅಲೆಯ, ಕಣ್ಣಿಗೆ ಕಾಣುವ ಬೆಳಕನ್ನು ಹೊರಸೂಸುತ್ತದೆ. ಕ್ಲಬ್ 365 ನ್ಯಾನೋಮೀಟರ್‌ನ ದೀಪವನ್ನೂ 254 ನ್ಯಾನೋಮೀಟರ್‌ನ ದೀಪವನ್ನೂ ತರುತ್ತದೆ, ಏಕೆಂದರೆ ಒಂದಕ್ಕೆ ಸುಮ್ಮನಿರುವ ಖನಿಜ ಇನ್ನೊಂದಕ್ಕೆ ಬೆಳಗಬಹುದು. 254ರ ಕಿರಣ ಕಣ್ಣಿನ ಹೊರಪೊರೆಯನ್ನು ಸುಡುವಷ್ಟು ಹಾನಿಕರವಾದ್ದರಿಂದ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ, ಮತ್ತು ಆ ದೀಪವನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಚೇಳುಗಳ ಮೈಯೂ ಈ ಬೆಳಕಿಗೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಕಲ್ಲು ಎತ್ತುವ ಮೊದಲು ದೀಪ ಹಾಯಿಸುವ ಅಭ್ಯಾಸ ಆ ಲೆಕ್ಕದಲ್ಲೂ ಒಳ್ಳೆಯದು.

ಒಯ್ಯಬಾರದ ಖನಿಜಗಳ ವಿಷಯದಲ್ಲಿ ಕ್ಲಬ್ ತೋರುವ ಹಿಡಿತ ನನಗೆ ಹಿಡಿಸಿತು. ನಾರುನಾರಾಗಿ ಸುಲಿಯುವ ಆಸ್ಬೆಸ್ಟಾಸ್ ಬಗೆಯ ಖನಿಜಗಳನ್ನು ಯಾರೂ ಚೀಲಕ್ಕೆ ಹಾಕುವಂತಿಲ್ಲ. ಹೊಡೆದಾಗ ಬೆಳ್ಳುಳ್ಳಿಯ ವಾಸನೆ ಬರುವ ಕಲ್ಲು ಸಿಕ್ಕರೆ ಅದು ಆರ್ಸೆನಿಕ್ ಇರುವ ಆರ್ಸೆನೋಪೈರೈಟ್ ಆಗಿರಬಹುದೆಂದು ಒಡೆಯುವುದನ್ನು ನಿಲ್ಲಿಸಿಸುತ್ತಾರೆ. ಸೀಸದ ಅದಿರಾದ ಗೆಲೀನವನ್ನು ಮುಟ್ಟಿದವರು ಕೈ ತೊಳೆಯದೆ ಏನನ್ನೂ ತಿನ್ನಬಾರದು. ನೇರಳಾತೀತ ದೀಪಕ್ಕೆ ಹಳದಿಹಸಿರಾಗಿ ಉಜ್ವಲವಾಗಿ ಬೆಳಗುವ ಆಟುನೈಟ್ ಯುರೇನಿಯಂ ಖನಿಜವೆಂಬುದನ್ನು ತಿಳಿಯದ ಹೊಸಬರು ಅದನ್ನೇ ಮೊದಲು ಬಯಸುತ್ತಾರೆ. ವಿಕಿರಣ ಅಳೆಯುವ ಸಾಧನ ಹಿಡಿದು ತೋರಿಸಿ, ಮಲಗುವ ಕೋಣೆಯಲ್ಲಿಡುವ ವಸ್ತು ಇದಲ್ಲವೆಂದು ಮನವರಿಕೆ ಮಾಡಿಕೊಟ್ಟದ್ದನ್ನು ಕಂಡಿದ್ದೇನೆ.

ಸುತ್ತಿಗೆ ಕೆಳಗಿಟ್ಟ ಮೇಲಿನ ಕೆಲಸದಲ್ಲಿ ಈ ಕ್ಲಬ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಚೀಟಿ ಬರೆಯದೆ ಯಾವ ಕಲ್ಲೂ ಗಣಿಯಿಂದ ಹೊರಡುವುದಿಲ್ಲ. ಪ್ರತಿ ಮಾದರಿಯನ್ನೂ ಕಾಗದದಲ್ಲಿ ಸುತ್ತುವಾಗಲೇ ಖನಿಜದ ಹೆಸರು, ಗಣಿಯ ಹೆಸರು, ಅಕ್ಷಾಂಶ ರೇಖಾಂಶ, ದಿನಾಂಕ, ಹೆಕ್ಕಿದವರ ಹೆಸರು ಬರೆದ ಚೀಟಿ ಒಳಗೆ ಹೋಗುತ್ತದೆ. ಎಷ್ಟೇ ಸುಂದರವಾದ ಹರಳಾದರೂ ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಅದು ಬರಿಯ ಅಲಂಕಾರದ ವಸ್ತು. ಊರುಪೇರು ತಿಳಿದ ಸಾಧಾರಣ ಚೂರು ಸಂಶೋಧಕರಿಗೆ ಪುರಾವೆ. ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘ ಮಾನ್ಯ ಮಾಡಿರುವ ಖನಿಜಗಳ ಸಂಖ್ಯೆ ಇಂದು ಸುಮಾರು 6,000. ಗೀರಿ, ಒರೆ ಹಚ್ಚಿ, ತೂಗಿ ನೋಡಿ ಗುರುತಿಸಬಲ್ಲವು ಅವುಗಳಲ್ಲಿ ಒಂದು ಸಣ್ಣ ಪಾಲು. ಆದ್ದರಿಂದ ಗೊತ್ತಾಗದ ಕಲ್ಲಿನ ಚೀಟಿಯಲ್ಲಿ ಊಹೆಯ ಹೆಸರು ಬರೆಯಲು ಬಿಡದೆ, "ಗುರುತಿಸಬೇಕಿದೆ" ಎಂದು ಬರೆಸಿ, ಎಕ್ಸ್‌-ಕಿರಣ ಪರೀಕ್ಷೆಗೆ ಕಳಿಸಬೇಕಾದವನ್ನು ಬೇರೆ ಪೆಟ್ಟಿಗೆಗೆ ಹಾಕುತ್ತಾರೆ. ಒಪ್ಪಿಗೆ ಕೊಟ್ಟ ಗಣಿಗಳ ವಿವರವನ್ನು ಮೈಂಡ್ಯಾಟ್ ಎಂಬ, 2000ದಿಂದ ಎಲ್ಲರಿಗೂ ತೆರೆದಿರುವ ಖನಿಜ ನೆಲೆಗಳ ಭಂಡಾರಕ್ಕೆ ಸೇರಿಸುವವರೂ ಕ್ಲಬ್‌ನಲ್ಲಿದ್ದಾರೆ.

ಸಂಚಾರದ ನಂತರದ ವಾರ ನಡೆಯುವ ಶುಚಿಗೊಳಿಸುವ ಕೂಟವೂ ಶುಲ್ಕದಲ್ಲೇ ಸೇರಿದೆ. ಬೆಣಚಿನ ಮೇಲಿನ ತುಕ್ಕುಗಲೆಯನ್ನು ಆಕ್ಸಾಲಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ತೆಗೆಯುವುದನ್ನು ಅಲ್ಲಿ ಕೈಗವಸು ಹಾಕಿಸಿ ಕಲಿಸುತ್ತಾರೆ. ಅದು ವಿಷಕಾರಿ, ಮೇಲಾಗಿ ಅದೇ ಕಲ್ಲಿನಲ್ಲಿ ಕ್ಯಾಲ್ಸೈಟ್ ಇದ್ದರೆ ಆಮ್ಲ ಅದನ್ನು ಕೆಡಿಸಿಬಿಡುತ್ತದೆ ಎಂದು ಮೊದಲೇ ಎಚ್ಚರಿಸುತ್ತಾರೆ. ಉಪ್ಪುಹರಳನ್ನು ನೀರಿಗೆ ಹಾಕಬಾರದು, ಪೈರೈಟ್ ಅನ್ನು ತೇವದಲ್ಲಿಡಬಾರದು, ಅಮೆಥಿಸ್ಟ್ ಅನ್ನು ಕಿಟಕಿಯ ಬಿಸಿಲಿನಲ್ಲಿಟ್ಟರೆ ನೇರಳೆ ಬಣ್ಣ ಮಾಸುತ್ತದೆ, ಇಂಥ ತಿಳಿವಳಿಕೆ ಇಲ್ಲದೆ ಹಾಳಾದ ಸಂಗ್ರಹಗಳು ಎಷ್ಟೋ ಇವೆ. ಮಾದರಿಯ ಮೇಲೆ ಕಾಣದ ಮೂಲೆಯಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಲೇಪವನ್ನು ಚುಕ್ಕಿಯಷ್ಟು ಹಚ್ಚಿ ಅದರ ಮೇಲೆ ಶಾಯಿಯಿಂದ ಸಂಖ್ಯೆ ಬರೆಯುತ್ತಾರೆ; ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಈ ಲೇಪವನ್ನು ಬೇಕೆಂದಾಗ ಅಸಿಟೋನ್‌ನಿಂದ ಕರಗಿಸಿ ತೆಗೆಯಬಹುದು.

ಬೇಗನೆ ಸಂಗ್ರಹ ಬೆಳೆಸಬೇಕೆಂಬ ಆತುರವಿರುವವರಿಗೆ ಈ ಸಂಚಾರಗಳು ಹೊಂದುವುದಿಲ್ಲ. ಅಂಥವರು ಖನಿಜ ಮೇಳಗಳಲ್ಲಿ ಕೊಳ್ಳುವುದೇ ಮೇಲು. ಬಂಡೆಯಲ್ಲಿ ಹರಳು ಹೇಗೆ ಕುಳಿತಿರುತ್ತದೆ, ಅದರ ಪಕ್ಕದಲ್ಲಿ ಏನಿರುತ್ತದೆ, ಅದು ಅಲ್ಲೇ ಏಕಿದೆ ಎಂದು ತಿಳಿಯುವ ಆಸೆಯಿರುವವರು ತಡಮಾಡದೆ ಸೇರಬಹುದು, ಆದರೆ ಮೊದಲ ಬಾರಿ ಹೆಸರು ನೋಂದಾಯಿಸುವಾಗ ಆ ದಿನಕ್ಕೆ ಎಷ್ಟು ಜನ ಬರಲಿದ್ದಾರೆಂದು ಕೇಳಿ ತಿಳಿದುಕೊಳ್ಳಿ, ದೊಡ್ಡ ಗುಂಪಾಗಿದ್ದರೆ ಮುಂದಿನದಕ್ಕೆ ಕಾಯಿರಿ. ಸಮಿತಿಗೆ ನಾನು ಬರೆದು ಕೊಟ್ಟಿರುವ ಕೋರಿಕೆಗಳಲ್ಲಿ ಗುಂಪಿನ ಮಿತಿಯ ಜೊತೆಗೆ ಚೀಟಿಯ ವಿಷಯವೂ ಒಂದಿದೆ: ಮಾದರಿ ಸಿಕ್ಕಿದ್ದು ಕಿತ್ತೆಸೆದ ರಾಶಿಯಲ್ಲೋ, ಸಿರೆಯ ಗೋಡೆಯಲ್ಲೋ, ಗೋಡೆಯಾದರೆ ಹೊರಭಾಗದಲ್ಲೋ ಒಳಮಧ್ಯದಲ್ಲೋ ಎಂದು ಬರೆಯಲು ಈಗಿನ ಚೀಟಿಯಲ್ಲಿ ಜಾಗವಿಲ್ಲ. ನೆಲವನ್ನು ಅಷ್ಟು ಚೆನ್ನಾಗಿ ಓದಲು ಕಲಿಸುವ ಕ್ಲಬ್, ಓದಿದ್ದನ್ನು ಬರೆದಿಡಲು ಒಂದು ಸಾಲನ್ನು ಚೀಟಿಗೆ ಸೇರಿಸಬೇಕು.